ಹಳೇ ಡೀಸೆಲ್ ಜೀಪಿಗೆ ಟರ್ಬೊ: ಗಾಳಿಗಿಂತ ಮೊದಲು ಬಿಸಿಯ ಲೆಕ್ಕ

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮ ಕಾಫಿ ತೋಟ. ತಂದೆಯವರ ಕಾಲದ ಮಹೀಂದ್ರ ಎಂಎಂ 540 ಜೀಪಿದೆ, ಪ್ಯೂಜೊ ಡೀಸೆಲ್ ಎಂಜಿನ್. ತೋಟದೊಳಗೆ ಏನೂ ತೊಂದರೆಯಿಲ್ಲ. ಲೋಡ್ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಮೂರನೇ ಗೇರಿನಲ್ಲಿ ದಮ್ಮೇ ಇರುವುದಿಲ್ಲ. ಪೂರ್ತಿ ಒತ್ತಿದರೆ ಕಪ್ಪು ಹೊಗೆ, ಎರಡಕ್ಕೆ ಇಳಿಸಿದರೆ ಹಿಂದೆ ಬಸ್ಸುಗಳ ಸಾಲು. ಎರಡು ವರ್ಷದ ಕೆಳಗೆ 31 ಇಂಚಿನ ಟೈರ್ ಹಾಕಿಸಿದ್ದೇನೆ. ಈಗ ಗುಜರಿಯಲ್ಲಿ ಲಾರಿಯ ಟರ್ಬೊ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. "ಮ್ಯಾನಿಫೋಲ್ಡ್ ವೆಲ್ಡ್ ಮಾಡಿ ಕೂರಿಸೋಣ, ಪಂಪಿನ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಆಯಿತು" ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ಹಾಕಿಸಬಹುದೇ? ಎಂಜಿನ್ ತಡೆಯುತ್ತದೆಯೇ?

ಉತ್ತರ: ಟರ್ಬೊ ಎಂದರೆ ಎಂಜಿನ್ ಬಿಡುವ ಹೊಗೆಯ ರಭಸದಿಂದಲೇ ತಿರುಗಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಖ. ನಿಮ್ಮ ಎಂಜಿನ್ ಆರೋಗ್ಯವಾಗಿದ್ದರೆ ಸಣ್ಣ ಟರ್ಬೊವನ್ನು ಕಡಿಮೆ ಒತ್ತಡದಲ್ಲಿ ತಡೆದುಕೊಳ್ಳುತ್ತದೆ. ಆದರೆ ಆ ಲಾರಿ ಟರ್ಬೊ ಬೇಡವೇ ಬೇಡ. ಸ್ಕ್ರೂ ತಿರುಗಿಸುವುದು, ಅಂದರೆ ಪಂಪು ಎಂಜಿನ್ನಿಗೆ ಕಳಿಸುವ ಡೀಸೆಲ್ ಹೆಚ್ಚಿಸುವುದು, ಎಲ್ಲ ಕೆಲಸ ಮುಗಿದ ಮೇಲಿನ ಮಾತು. ಅದಕ್ಕೂ ಮೊದಲು, ನೀವು ಹೇಳಿದ ಕಪ್ಪು ಹೊಗೆಯ ಕಾರಣ ಹುಡುಕಬೇಕು. ನಿಮ್ಮ ತೊಂದರೆಯ ಒಂದು ದೊಡ್ಡ ಭಾಗ ಟರ್ಬೊ ಇಲ್ಲದೆಯೇ ಸರಿಹೋಗುತ್ತದೆ ಎಂದು ನನಗೆ ಅನಿಸುತ್ತದೆ.

ಡೀಸೆಲ್ ಎಂಜಿನ್ ಕಪ್ಪು ಹೊಗೆ ಬಿಟ್ಟರೆ, ಒಳಗೆ ಬಿದ್ದ ಡೀಸೆಲ್‌ಗೆ ಸಾಕಾಗುವಷ್ಟು ಗಾಳಿ ಸಿಗುತ್ತಿಲ್ಲ ಎಂದರ್ಥ. ಕಾರಣ ನಾಲ್ಕಾರು ಇರಬಹುದು: ಏರ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ, ನಾಝಲ್ ಸವೆದು ಡೀಸೆಲನ್ನು ಮಂಜಿನಂತೆ ಸಿಂಪಡಿಸುವ ಬದಲು ಹನಿ ಹನಿಯಾಗಿ ಸುರಿಸುತ್ತಿರುತ್ತದೆ, ಪಂಪಿನ ಟೈಮಿಂಗ್ ಹಿಂದೆ ಬಿದ್ದಿರುತ್ತದೆ, ಇಲ್ಲವೇ ಹಿಂದೆ ಯಾರೋ "ಪಿಕಪ್ ಬರಲಿ" ಎಂದು ಆ ಸ್ಕ್ರೂವನ್ನು ಆಗಲೇ ತಿರುಗಿಸಿಟ್ಟಿರುತ್ತಾರೆ. ಮಲೆನಾಡಿನ ಹಳೇ ಜೀಪುಗಳಲ್ಲಿ ಈ ಕೊನೆಯದು ತುಂಬಾ ಸಾಮಾನ್ಯ. ಪಂಪ್ ಮತ್ತು ನಾಲ್ಕೂ ನಾಝಲ್‌ಗಳನ್ನು ಬಿಚ್ಚಿಸಿ, ಟೆಸ್ಟ್ ಬೆಂಚ್ ಇರುವ ಪಂಪ್-ನಾಝಲ್ ಅಂಗಡಿಯಲ್ಲಿ ಕಂಪನಿ ಅಳತೆಗೆ ಕ್ಯಾಲಿಬ್ರೇಟ್ ಮಾಡಿಸಿ. ಟರ್ಬೊ ಹಾಕಿದರೂ ಹಾಕದಿದ್ದರೂ ಈ ಖರ್ಚು ವ್ಯರ್ಥವಾಗುವುದಿಲ್ಲ.

ಇನ್ನು ಟೈರ್. ನಿಮ್ಮ ಜೀಪಿಗೆ ಮೂಲದಲ್ಲಿ ಬಂದ 6.00-16 ಟೈರಿನ ಎತ್ತರ ಸುಮಾರು 29 ಇಂಚು. 31 ಇಂಚಿನದು ಹಾಕಿದಾಗ ಎಲ್ಲ ಗೇರುಗಳೂ ಶೇಕಡಾ 7-8ರಷ್ಟು ಉದ್ದವಾದವು. ಅಂದರೆ ಚಕ್ರ ನೆಲವನ್ನು ತಳ್ಳುವ ಬಲ ಅಷ್ಟು ಕಡಿಮೆಯಾಯಿತು. ಸಣ್ಣ ಟರ್ಬೊದಿಂದ ನಿಮಗೆ ಸಿಗುವ ಲಾಭ ಶೇಕಡಾ 25ರ ಆಸುಪಾಸು ಎಂದಿಟ್ಟುಕೊಂಡರೆ, ಅದರ ಸುಮಾರು ಮೂರನೇ ಒಂದು ಭಾಗವನ್ನು ಟೈರಿಗೇ ಕೊಟ್ಟಿದ್ದೀರಿ. ತೋಟದೊಳಗೆ ತೊಂದರೆ ಕಾಣದಿರುವುದಕ್ಕೂ ಕಾರಣವಿದೆ. ಫೋರ್ ವೀಲ್ ಲೋ ಹಾಕಿದರೆ ಗೇರುಗಳೇ ಬಲವನ್ನು ಬೇಕಾದಷ್ಟು ಹೆಚ್ಚಿಸುತ್ತವೆ, ಎಂಜಿನ್ ಬಲ ಮುಗಿಯುವ ಮೊದಲೇ ಟೈರ್ ಜಾರುತ್ತದೆ. ಕೊರತೆ ಕಾಣುವುದು ಘಾಟಿಯಲ್ಲಿ, ಎರಡಕ್ಕೂ ಮೂರಕ್ಕೂ ನಡುವೆ ಸಿಕ್ಕಿಕೊಂಡಾಗ. ಜೊತೆಗೆ ನೂರು ಮೀಟರ್ ಮೇಲೇರಿದಂತೆ ಟರ್ಬೊ ಇಲ್ಲದ ಎಂಜಿನ್ ಸುಮಾರು ಶೇಕಡಾ 1ರಷ್ಟು ಬಲ ಕಳೆದುಕೊಳ್ಳುತ್ತದೆ. ಘಾಟಿಯ ಬುಡದಲ್ಲಿದ್ದ ಎಂಜಿನ್ ಕೊಟ್ಟಿಗೆಹಾರದ ಹೊತ್ತಿಗೆ ಅದೇ ಎಂಜಿನ್ ಆಗಿ ಉಳಿದಿರುವುದಿಲ್ಲ.

ಇವೆಲ್ಲ ಸರಿಮಾಡಿದ ಮೇಲೂ ಸಾಲದು ಎನಿಸಿದರೆ ಟರ್ಬೊ ಮಾತಾಡೋಣ.

ಟರ್ಬೊ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ, ಅಷ್ಟೇ. ಬಲ ಬರುವುದು ಡೀಸೆಲ್‌ನಿಂದ. ಇಲ್ಲಿ ಪೆಟ್ರೋಲ್ ಗಾಡಿಗಳ ಅನುಭವ ಇರುವವರು ಎಡವುತ್ತಾರೆ. ಪೆಟ್ರೋಲ್ ಎಂಜಿನ್ನಿಗೆ ಇಂಧನ ಕಡಿಮೆಯಾದರೆ ಬಿಸಿ ಏರುತ್ತದೆ. ಡೀಸೆಲ್ ಎಂಜಿನ್ ತದ್ವಿರುದ್ಧ: ಗಾಳಿ ಹೆಚ್ಚಿದರೆ ತಣ್ಣಗಾಗುತ್ತದೆ, ಡೀಸೆಲ್ ಹೆಚ್ಚಿದರೆ ಬಿಸಿಯಾಗುತ್ತದೆ. ಪಂಪ್ ಮುಟ್ಟದೆ ಟರ್ಬೊ ಮಾತ್ರ ಕೂರಿಸಿದರೆ ಸೈಲೆನ್ಸರ್‌ಗೆ ಹೋಗುವ ಹೊಗೆಯ ಬಿಸಿ ಸಾಮಾನ್ಯವಾಗಿ ಇಳಿಯುತ್ತದೆ. ಹೊಗೆಯಾಗಿ ಹೋಗುತ್ತಿದ್ದ ಡೀಸೆಲ್ ಸರಿಯಾಗಿ ಉರಿದು ಸ್ವಲ್ಪ ಬಲವೂ ಸಿಗುತ್ತದೆ. ಎಂಜಿನ್ ಸಾಯುವುದು ಆ ಮೇಲೆ, ಇನ್ನೂ ಬೇಕು ಎಂದು ಸ್ಕ್ರೂ ತಿರುಗಿಸುತ್ತಾ ಹೋದಾಗ. ಆದ್ದರಿಂದ ಈ ಇಡೀ ಕೆಲಸದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೆಚ್ಚುವರಿ ಬಿಸಿ ಎಲ್ಲಿಗೆ ಹೋಗುತ್ತದೆ?

ನಿಮ್ಮ ಎಂಜಿನ್ ಪ್ಯೂಜೊ ಎಕ್ಸ್‌ಡಿಪಿ 4.90. 90 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 83 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 2112 ಸಿಸಿ, 62 ಅಶ್ವಶಕ್ತಿ. ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳದೆ, ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನೊಳಗಿನ ಪುಟ್ಟ ಗೂಡಿನಲ್ಲಿ ಉರಿಯಲು ಶುರುವಾಗುತ್ತದೆ. ಅಲ್ಲಿಂದ ಬೆಂಕಿ ಸಣ್ಣ ಬಾಯಿಯ ಮೂಲಕ ಸಿಲಿಂಡರಿಗೆ ನುಗ್ಗುತ್ತದೆ. ಈ ಬಗೆಯ ಎಂಜಿನ್ ಸದ್ದು ಮೆದು, ಒಳಗಿನ ಒತ್ತಡವೂ ನಿಧಾನವಾಗಿ ಏರುತ್ತದೆ, ಆ ಮಟ್ಟಿಗೆ ಸಣ್ಣ ಟರ್ಬೊಗೆ ಒಗ್ಗುತ್ತದೆ. ಆದರೆ ಬೆಂಕಿಯ ಬಿಸಿಯಲ್ಲಿ ದೊಡ್ಡ ಪಾಲು ಹೆಡ್ಡಿಗೇ ಹೋಗುತ್ತದೆ. ಹೆಡ್ಡು ಸೀಳುವುದು ವಾಲ್ವುಗಳ ನಡುವೆ ಮತ್ತು ಆ ಗೂಡಿನ ಬಾಯಿಯ ಸುತ್ತ. ಇದರ ಮೇಲೆ ಕಂಪ್ರೆಷನ್ ಅನುಪಾತ, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬುದು, 21-22ರಷ್ಟು ಎತ್ತರ. ಅಲ್ಲಿ ಹೆಚ್ಚು ಗಾಳಿ ತುಂಬಿದರೆ ಹೆಡ್ ಗ್ಯಾಸ್ಕೆಟ್ ಮೇಲೆ ಬೀಳುವ ಒತ್ತಡ ಬೇಗನೆ ಮಿತಿ ಮೀರುತ್ತದೆ.

ಇದೇ ಕುಟುಂಬದ ಎಂಜಿನ್ನಿಗೆ ಪ್ಯೂಜೊ ಕಂಪನಿಯೇ ಟರ್ಬೊ ಹಾಕಿತ್ತು. 1979ರಲ್ಲಿ ಬಂದ ಪ್ಯೂಜೊ 604 ಟರ್ಬೊ ಡೀಸೆಲ್ ಕಾರಿನಲ್ಲಿ 2304 ಸಿಸಿಯ ಎಂಜಿನ್ 80 ಅಶ್ವಶಕ್ತಿ ಕೊಡುತ್ತಿತ್ತು. ನಮ್ಮಲ್ಲೂ ಉದಾಹರಣೆ ಇದೆ: ಸುಮೋದಲ್ಲಿ ಟರ್ಬೊ ಇಲ್ಲದೆ ಓಡುತ್ತಿದ್ದ 1948 ಸಿಸಿ ಡೀಸೆಲ್ ಎಂಜಿನ್ನಿಗೆ ಟಾಟಾದವರು ಟರ್ಬೊ, ಅದು ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸೇರಿಸಿ 1998ರಲ್ಲಿ ಸಫಾರಿಗೆ ಹಾಕಿದರು. ಆದ್ದರಿಂದ ಇದು ಆಗದ ಕೆಲಸವಲ್ಲ. ಆದರೆ ಕಂಪನಿಗಳು ಟರ್ಬೊ ಹಾಕುವಾಗ ಟರ್ಬೊ ಒಂದನ್ನೇ ಹಾಕುವುದಿಲ್ಲ. ಮರ್ಸಿಡಿಸ್‌ನ ಐದು ಸಿಲಿಂಡರಿನ ಓಎಂ 617 ಒಳ್ಳೆಯ ಪಾಠ. ನಮ್ಮ ಟೆಂಪೊ ಟ್ರ್ಯಾಕ್ಸ್ ಗಾಡಿಗಳಲ್ಲಿದ್ದ ನಾಲ್ಕು ಸಿಲಿಂಡರಿನ ಓಎಂ 616ಕ್ಕೆ ಅದು ಅಣ್ಣ. 1978ರಲ್ಲಿ ಅದಕ್ಕೆ ಟರ್ಬೊ ಬಂದಾಗ 80ರ ಹತ್ತಿರವಿದ್ದ ಅಶ್ವಶಕ್ತಿ 110 ದಾಟಿತು. ಆದರೆ ಅದರ ಜೊತೆಗೇ ಪಿಸ್ಟನ್ನಿನ ಕೆಳಗೆ ಆಯಿಲ್ ಚಿಮ್ಮಿಸಿ ತಣಿಸುವ ಜೆಟ್‌ಗಳು, ಒಳಗೆ ಸೋಡಿಯಂ ತುಂಬಿದ ಎಕ್ಸಾಸ್ಟ್ ವಾಲ್ವು, ಗಟ್ಟಿಗೊಳಿಸಿದ ಕ್ರ್ಯಾಂಕ್ ಬಂದವು. ಎಲ್ಲವೂ ಬಿಸಿಗೆ ದಾರಿ ಮಾಡಿಕೊಡುವ, ಇಲ್ಲವೇ ಒತ್ತಡ ತಾಳುವ ಬದಲಾವಣೆಗಳು. ನಿಮ್ಮ ಜೀಪಿಗೆ ಅವನ್ನೆಲ್ಲ ಸೇರಿಸಲು ಆಗದು. ಆದ್ದರಿಂದ ನಿಮ್ಮ ಆಸೆಗೂ ಕಂಪನಿಯ ಆಸೆಗಿಂತ ಚಿಕ್ಕ ಮಿತಿ ಇರಬೇಕು.

ಆ ಮಿತಿ ನನ್ನ ಪ್ರಕಾರ ಹೊರಗಿನ ಗಾಳಿಯ ಒತ್ತಡಕ್ಕಿಂತ ಅರ್ಧ ಬಾರ್ ಹೆಚ್ಚು, ಮೆಕ್ಯಾನಿಕ್‌ಗಳ ಲೆಕ್ಕದಲ್ಲಿ 7 ಪೌಂಡ್. ಇಷ್ಟರಿಂದ ಏನು ಸಿಗುತ್ತದೆ ನೋಡಿ. ಗಾಳಿಯ ಒತ್ತಡ ಒಂದೂವರೆ ಪಟ್ಟು ಆಗುತ್ತದೆ, ಆದರೆ ಒತ್ತಿದ ಗಾಳಿ ಕಾಯುತ್ತದೆ: 35 ಡಿಗ್ರಿ ಇದ್ದದ್ದು 90 ದಾಟುತ್ತದೆ. ಕಾದ ಗಾಳಿ ಹಗುರ. ಕೊನೆಗೆ ಸಿಲಿಂಡರಿಗೆ ಹೋಗುವ ಗಾಳಿಯ ತೂಕ ಹೆಚ್ಚುವುದು ಕಾಲು ಭಾಗದಷ್ಟು ಮಾತ್ರ. ಇಂಟರ್‌ಕೂಲರ್ ಇಟ್ಟು 55 ಡಿಗ್ರಿಗೆ ಇಳಿಸಿದರೆ ಅದು ಶೇಕಡಾ 40ಕ್ಕೆ ಹೋಗುತ್ತದೆ. ಸಿಕ್ಕ ಹೆಚ್ಚುವರಿ ಗಾಳಿಗೆಲ್ಲ ಡೀಸೆಲ್ ಸುರಿಯದೆ, ಒಂದಷ್ಟನ್ನು ತಣಿಸುವುದಕ್ಕೇ ಬಿಟ್ಟುಕೊಟ್ಟರೆ ಎಂಜಿನ್ ಬಾಳುತ್ತದೆ. ಜೀಪಿನ ಮೂತಿಯಲ್ಲಿ ಇಂಟರ್‌ಕೂಲರಿಗೆ ಜಾಗ ಕಡಿಮೆ. ರೇಡಿಯೇಟರ್ ಮುಂದೆ ತುರುಕಿದರೆ ರೇಡಿಯೇಟರಿಗೇ ಗಾಳಿ ತಪ್ಪುತ್ತದೆ. ಅರ್ಧ ಬಾರ್ ಮೀರದಿದ್ದರೆ ಅದಿಲ್ಲದೆಯೂ ನಡೆಯುತ್ತದೆ.

ಲಾರಿ ಟರ್ಬೊ ಬೇಡ ಎಂದದ್ದು ಗಾತ್ರದ ಕಾರಣಕ್ಕೆ. ನಿಮ್ಮ 2112 ಸಿಸಿ ಎಂಜಿನ್ 2000 ಆರ್‌ಪಿಎಂನಲ್ಲಿ ಬಿಡುವ ಹೊಗೆಗೆ ದೊಡ್ಡ ಟರ್ಬೈನನ್ನು ತಿರುಗಿಸುವ ಶಕ್ತಿಯಿಲ್ಲ. ನಿಮಗೆ ಬಲ ಬೇಕಾಗಿರುವ ಜಾಗದಲ್ಲಿ ಆ ಟರ್ಬೊ ಸುಮ್ಮನೆ ಹೊಗೆಗೆ ಅಡ್ಡ ನಿಂತಿರುತ್ತದೆ, ಕೆಲಸ ಶುರುಮಾಡುವುದು ಎಂಜಿನ್ ಕಿರುಚುವಾಗ. ಎರಡು-ಎರಡೂವರೆ ಲೀಟರಿನ ಡೀಸೆಲ್ ಗಾಡಿಯ ಸಣ್ಣ ಟರ್ಬೊ ನಿಮಗೆ ಸರಿ. ಹಳೇ ಬೊಲೆರೊ ಡಿಐ ಟರ್ಬೊದ್ದು ಸಾಕು. ಅಂಥ ಟರ್ಬೊದ ವೇಸ್ಟ್‌ಗೇಟ್, ಅಂದರೆ ಒತ್ತಡ ಮಿತಿ ಮುಟ್ಟಿದಾಗ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು, ಅದರ ಮೂಲ ಎಂಜಿನ್ನಿನ ಒತ್ತಡಕ್ಕೆ ಹೊಂದಿಸಿದ್ದು ಎಂಬುದನ್ನು ಮರೆಯಬೇಡಿ. ಹಾಗೇ ಹಾಕಿದರೆ ಅರ್ಧ ಬಾರ್‌ನಲ್ಲಿ ನಿಲ್ಲದೆ ಹೋಗಬಹುದು. ಆ ಬಾಗಿಲನ್ನು ತೆರೆಯುವ ಆಕ್ಚುಯೇಟರನ್ನು ಮೆದು ಸ್ಪ್ರಿಂಗ್ ಇರುವುದು ಹಾಕಿಸಬೇಕು. ಕಾಮನ್ ರೈಲ್ ಗಾಡಿಗಳ, ಒಳಗೆ ರೆಕ್ಕೆ ಹೊರಳುವ ಟರ್ಬೊ ತರಬೇಡಿ. ಅವನ್ನು ಆಳಲು ಕಂಪ್ಯೂಟರ್ ಬೇಕು. ಹಳೇ ಟರ್ಬೊ ಕೊಳ್ಳುವಾಗ ಶಾಫ್ಟನ್ನು ಬೆರಳಲ್ಲಿ ಹಿಡಿದು ಹಿಂದೆ-ಮುಂದೆ ಎಳೆದು ನೋಡಿ. ಆ ದಿಕ್ಕಿನಲ್ಲಿ ಆಟ ಕೈಗೆ ತಿಳಿಯುವಂತಿದ್ದರೆ ಬೇಡ. ರೆಕ್ಕೆ ಗೋಡೆಗೆ ತಾಗಿದ ಗುರುತು ಇದ್ದರೂ ಬೇಡ.

ಈಗ ನಿಮ್ಮ ಎಂಜಿನ್ನಿನ ಪರೀಕ್ಷೆ. ಬಿಸಿಯಾದ ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಬುಸುಬುಸು ಹೊಗೆ ಉಗಿದರೆ, ನಮ್ಮವರು ಬ್ಯಾಕ್ ಕಂಪ್ರೆಷನ್ ಎನ್ನುವುದು ಅದೇ, ರಿಂಗು-ಲೈನರ್ ಸವೆದಿದೆ. ಅಂಥ ಎಂಜಿನ್ನಿಗೆ ಟರ್ಬೊ ಹಾಕಿಸುವುದು ದುಡ್ಡನ್ನು ಘಾಟಿಯಲ್ಲಿ ಎಸೆದಂತೆ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಒಂದಕ್ಕೊಂದು ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಬೇಡ. ಬಿಸಿ ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಒತ್ತಡ ಗಟ್ಟಿಯಾಗಿರಬೇಕು. ಹೆಡ್ಡನ್ನು ಹೇಗಿದ್ದರೂ ಇಳಿಸಿ, ಸೀಳು ಇದೆಯೇ ಎಂದು ಪ್ರೆಷರ್ ಟೆಸ್ಟ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಟಾರ್ಕ್ ರೆಂಚಿನಲ್ಲೇ ಬಿಗಿಸಿ. ಈ ಪರೀಕ್ಷೆಗಳಲ್ಲಿ ಎಂಜಿನ್ ಸೋತರೆ ಮೊದಲು ಬೋರ್ ಕೆಲಸ, ಆಮೇಲೆ ಟರ್ಬೊ.

ದುಡ್ಡು ಖರ್ಚು ಮಾಡುವ ಮೊದಲು ಕಾನೂನನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮೆಕ್ಯಾನಿಕ್‌ಗಳು ಇದನ್ನು ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಡಿ, ಅನುಮತಿಯಿಲ್ಲದ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರು ಇದೇ ಕಾರಣ ಹಿಡಿದು ತಕರಾರು ತೆಗೆಯಬಹುದು. ನೀವು ಘಾಟಿಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವವರಾಗಿದ್ದರೆ ಇದು ಸಣ್ಣ ಮಾತಲ್ಲ. ಆರ್‌ಟಿಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಉತ್ತರ ಪಡೆದ ಮೇಲೆಯೇ ಕೆಲಸ ಶುರುಮಾಡಿಸಿ. ಅನುಮತಿ ಸಿಗದಿದ್ದರೆ ಪಂಪ್, ನಾಝಲ್, ಟೈರ್ ಸರಿಪಡಿಸಿ ಅಲ್ಲಿಗೇ ನಿಲ್ಲಿಸಿ. ಅದು ಸೋಲೇನೂ ಅಲ್ಲ.

ಕೂರಿಸುವ ಕೆಲಸದಲ್ಲಿ ಅತಿ ಹೆಚ್ಚು ಟರ್ಬೊಗಳು ಸಾಯುವುದು ಆಯಿಲ್ ಪೈಪಿನಿಂದ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಹಿಡಿದಿರುವುದು ಆಯಿಲ್ ಪದರವೊಂದೇ. ಒಳಬರುವ ಆಯಿಲನ್ನು ಆಯಿಲ್ ಪ್ರೆಷರ್ ಸ್ವಿಚ್ ಇರುವ ಜಾಗದಲ್ಲಿ ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ ಸಣ್ಣ ಪೈಪಿನಲ್ಲಿ ತರಬಹುದು. ವಾಪಸ್ ಹೋಗುವ ಪೈಪಿನ ವಿಷಯದಲ್ಲೇ ಎಡವುವುದು. ಟರ್ಬೊದಿಂದ ಹೊರಬರುವ ಆಯಿಲ್‌ಗೆ ಒತ್ತಡ ಇರುವುದಿಲ್ಲ, ನೊರೆಯಾಗಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಪೈಪು ಮುಕ್ಕಾಲು ಇಂಚು ಅಗಲವಿರಲಿ, ಎಲ್ಲೂ ಮೇಲೇರದೆ ಇಳಿಜಾರಾಗಿರಲಿ, ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಚೇಂಬರಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಲಿ. ಕಡಿದಾದ ತೋಟದ ದಾರಿಯಲ್ಲಿ ಜೀಪು ಓರೆಯಾದಾಗಲೂ ಮೇಲೆಯೇ ಇರಬೇಕು. ಚೇಂಬರ್ ಇಳಿಸಿ, ತೊಳೆದು, ವೆಲ್ಡ್ ಮಾಡಿಸಿ. ಇಳಿಸದೆ ತೂತು ಕೊರೆದರೆ ಕಬ್ಬಿಣದ ಚೂರು ಬೇರಿಂಗ್ ತಿನ್ನುತ್ತದೆ.

ವಾಪಸ್ ದಾರಿ ಕಟ್ಟಿದರೆ ಆಯಿಲ್ ಸೀಲ್ ದಾಟಿ ಗಾಳಿಯ ಪೈಪಿಗೆ ಹೋಗುತ್ತದೆ. ಆಗ ಎಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು ಓಡತೊಡಗುತ್ತದೆ, ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗುತ್ತದೆ. ಇದನ್ನು ಮನೆಯಲ್ಲಿ ಆ ಜೀಪು ಓಡಿಸುವ ಎಲ್ಲರಿಗೂ ಹೇಳಿಕೊಡಿ: ಟಾಪ್ ಗೇರ್ ಹಾಕಿ, ಬ್ರೇಕನ್ನು ಬಲವಾಗಿ ತುಳಿದು, ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಬೇಕು. ಅದಾಗದಿದ್ದರೆ ಗಾಳಿ ಎಳೆಯುವ ಬಾಯಿಯನ್ನು ಹಲಗೆಯಿಂದ ಮುಚ್ಚಬೇಕು. ಕೈ ಒಡ್ಡಬಾರದು. ಬಟ್ಟೆಯೂ ಬೇಡ, ಅದನ್ನು ಒಳಗೆ ಎಳೆದುಕೊಳ್ಳುತ್ತದೆ.

ಇದೇ ಕಾರಣಕ್ಕೆ, ನಿಮ್ಮ ಜೀಪಿನಲ್ಲಿ ಆಯಿಲ್ ತುಂಬುವ ಹಳೇ ಏರ್ ಫಿಲ್ಟರ್ ಇದ್ದರೆ ತೆಗೆದುಹಾಕಿ. ಟರ್ಬೊದ ಎಳೆತಕ್ಕೆ ಅದರೊಳಗಿನ ಆಯಿಲ್ ಮೇಲೆದ್ದು ಒಳಗೆ ಹೋಗಬಹುದು. ದೊಡ್ಡ ಪೇಪರ್ ಫಿಲ್ಟರ್ ಹಾಕಿಸಿ. ಫಿಲ್ಟರಿಂದ ಟರ್ಬೊವರೆಗಿನ ರಬ್ಬರ್ ಪೈಪಿನ ಪ್ರತಿ ಕ್ಲಾಂಪ್ ಬಿಗಿಯಾಗಿರಲಿ. ಬೇಸಿಗೆಯಲ್ಲಿ ತೋಟದ ದಾರಿಯ ಕೆಂಪು ಧೂಳು ಒಂದು ಬಿರುಕು ಸಿಕ್ಕರೂ ಟರ್ಬೊದ ರೆಕ್ಕೆ ಸವೆಸಿ, ರಿಂಗನ್ನೂ ತಿನ್ನುತ್ತದೆ.

ಸಿಲಿಂಡರುಗಳ ಹೊಗೆಯನ್ನು ಒಟ್ಟುಮಾಡಿ ಟರ್ಬೊಗೆ ಕೊಡುವ ಮ್ಯಾನಿಫೋಲ್ಡನ್ನು ತೆಳ್ಳಗಿನ ಸೈಲೆನ್ಸರ್ ಪೈಪಿನಲ್ಲಿ ವೆಲ್ಡ್ ಮಾಡಿಸಿದರೆ ಕಾದು ತಣಿದು ಬೇಗನೆ ಬಿರಿಯುತ್ತದೆ. ದಪ್ಪ ಗೋಡೆಯ ಸ್ಟೀಮ್ ಪೈಪಿನ ಬೆಂಡ್ ಬಳಸಿ. ಟರ್ಬೊದ ಭಾರ ಅದರ ಮೇಲೆ ನೇತಾಡದಂತೆ ಎಂಜಿನ್ ಬ್ಲಾಕಿಗೆ ಒಂದು ಆಸರೆ ಕೊಡಿ. ಟರ್ಬೊ ನಂತರದ ಸೈಲೆನ್ಸರ್ ಪೈಪು ಎರಡು ಇಂಚಿಗೆ ಕಡಿಮೆ ಬೇಡ. ಹತ್ತಿರ ಬ್ರೇಕ್ ಪೈಪು, ಡೀಸೆಲ್ ಪೈಪು, ವೈರು ಹಾದುಹೋಗಿದ್ದರೆ ತಗಡಿನ ಅಡ್ಡ ಕಟ್ಟಿ.

ಘಾಟಿಯಲ್ಲಿ ಜೀಪು ನಿಧಾನ ಹೋಗುವುದರಿಂದ ಮುಂದಿನಿಂದ ಬೀಸುವ ಗಾಳಿ ರೇಡಿಯೇಟರಿಗೆ ಸಾಲುವುದಿಲ್ಲ. ಎಲ್ಲ ಕೆಲಸ ಫ್ಯಾನಿನದು. ಗಾಳಿ ಆಚೀಚೆ ಹೋಗದಂತೆ ಫ್ಯಾನ್ ಸುತ್ತ ಇರುವ ಶ್ರೌಡ್ ಎಂಬ ಮರೆ ಎಷ್ಟೋ ಹಳೇ ಜೀಪುಗಳಲ್ಲಿ ಯಾವತ್ತೋ ತೆಗೆದಿಟ್ಟದ್ದು ವಾಪಸ್ ಬಂದಿರುವುದಿಲ್ಲ. ಅದನ್ನು ಹಾಕಿಸಿ. ರೇಡಿಯೇಟರ್ ಕೋರ್ ಹೊಸದು ಹಾಕಿಸಿ. ಥರ್ಮೋಸ್ಟಾಟ್ ಕಿತ್ತು ಎಸೆದಿದ್ದರೆ ಅದೂ ವಾಪಸ್ ಬರಲಿ. ಕ್ಲಚ್ ಪ್ಲೇಟ್ ಅರ್ಧ ಸವೆದಿದ್ದರೆ ಹೊಸ ಬಲಕ್ಕೆ ಜಾರುತ್ತದೆ. ಗೇರ್ ಬಾಕ್ಸು, ಆಕ್ಸಲ್ಲು ಅರ್ಧ ಬಾರ್‌ಗೆ ತಡೆಯುತ್ತವೆ, ಲೋ ಗೇರಿನಲ್ಲಿ ಜರ್ಕ್ ಕೊಡದಿದ್ದರೆ.

ಎರಡು ಮೀಟರ್ ಇಲ್ಲದೆ ಗಾಡಿ ರಸ್ತೆಗೆ ಇಳಿಸಬೇಡಿ. ಒಂದು ಟರ್ಬೊ ಒತ್ತಡದ್ದು. ಇನ್ನೊಂದು, ಅದಕ್ಕಿಂತ ಮುಖ್ಯವಾದದ್ದು, ಎಕ್ಸಾಸ್ಟ್ ಬಿಸಿ ಅಳೆಯುವ ಪೈರೋಮೀಟರ್. ಅದರ ಕಡ್ಡಿಯನ್ನು ಟರ್ಬೊಗೆ ಮೊದಲು, ಮ್ಯಾನಿಫೋಲ್ಡಿನಲ್ಲೇ ಕೂರಿಸಿ. ಟರ್ಬೊ ನಂತರ ಕೂರಿಸಿದರೆ ನಿಜವಾದ ಬಿಸಿಗಿಂತ ನೂರು ಡಿಗ್ರಿಗೂ ಮೀರಿ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ನೀರಿನ ಮೀಟರ್ ಏರುವಷ್ಟರಲ್ಲಿ ಪಿಸ್ಟನ್ನಿಗೆ ಆಗಬೇಕಾದ ಹಾನಿ ಆಗಿಹೋಗಿರುತ್ತದೆ. ಈ ಕಡ್ಡಿ ಸೆಕೆಂಡುಗಳಲ್ಲಿ ಹೇಳುತ್ತದೆ. ನಿಮ್ಮ ಎಂಜಿನ್ನಿಗೆ ಏರಿನಲ್ಲಿ ಸತತವಾಗಿ 650 ಡಿಗ್ರಿ, ಕ್ಷಣಕಾಲಕ್ಕೆ 700. ಅದಕ್ಕಿಂತ ಮೇಲೆ ಹೋಗಲು ನಾನು ಬಿಡುವುದಿಲ್ಲ.

ಪಂಪಿನ ಸ್ಕ್ರೂ ಮುಟ್ಟುವುದು ಇಷ್ಟೆಲ್ಲ ಆದಮೇಲೆ. ಅದನ್ನೂ ಪಂಪ್ ಅಂಗಡಿಯವರ ಕೈಯಲ್ಲೇ ಮಾಡಿಸಿ, ಶೇಕಡಾ 15-20ಕ್ಕೆ ನಿಲ್ಲಿಸಿ. ಟರ್ಬೊ ಒತ್ತಡ ನೋಡಿ ಡೀಸೆಲ್ ಹೆಚ್ಚಿಸುವ ಕಾಂಪೆನ್ಸೇಟರ್ ನಿಮ್ಮ ಪಂಪಿಗೆ ಸಿಕ್ಕರೆ ಹಾಕಿಸಿ. ಅದಿಲ್ಲದಿದ್ದರೆ ಕಡಿಮೆ ಆರ್‌ಪಿಎಂನಲ್ಲಿ, ಟರ್ಬೊ ಇನ್ನೂ ಏಳದಿರುವಾಗಲೇ ಹೆಚ್ಚು ಡೀಸೆಲ್ ಬಿದ್ದು ಮತ್ತೆ ಅದೇ ಕಪ್ಪು ಹೊಗೆ. ಅಶ್ವಶಕ್ತಿಯ ಅಂಕಿ ನೋಡಿ ನಿರಾಶರಾಗಬೇಡಿ. 2010ರಲ್ಲಿ ಬಂದ ಥಾರ್ ಡಿಐ ಗಾಡಿಯ 2523 ಸಿಸಿ ಟರ್ಬೊ ಎಂಜಿನ್ನಿನ ಬಲ 63 ಅಶ್ವಶಕ್ತಿ, ನಿಮ್ಮದಕ್ಕಿಂತ ಒಂದೇ ಹೆಚ್ಚು. ಆದರೆ ಅದರ ಟಾರ್ಕ್ 180 ನ್ಯೂಟನ್ ಮೀಟರಿನ ಆಸುಪಾಸು, ಅದೂ 1500-1800 ಆರ್‌ಪಿಎಂನಲ್ಲೇ. ಘಾಟಿಯಲ್ಲಿ ಕೈಹಿಡಿಯುವುದು ಈ ಕೆಳಗಿನ ಎಳೆತ. ನಿಮ್ಮ ಟರ್ಬೊವನ್ನೂ ಅದಕ್ಕೇ ಹೊಂದಿಸಿ.

ಹಾಕಿಸಿದ ಮೇಲೆ ಟರ್ಬೊ ಡೀಸೆಲ್‌ಗೆ ಹೇಳಿದ 15ಡಬ್ಲ್ಯೂ-40 ಆಯಿಲ್ ಬಳಸಿ, 5,000 ಕಿಲೋಮೀಟರಿಗೆ ಬದಲಿಸಿ. ಘಾಟಿ ಹತ್ತಿ ನಿಲ್ಲಿಸುವಾಗ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಬಂದ್ ಮಾಡಿ, ಇಲ್ಲದಿದ್ದರೆ ಕಾದ ಟರ್ಬೊದೊಳಗೆ ಆಯಿಲ್ ಸುಟ್ಟು ಕರಿಯಾಗಿ ಕಟ್ಟಿಕೊಳ್ಳುತ್ತದೆ. ಮೊದಲ 500 ಕಿಲೋಮೀಟರ್ ಲೋಡ್ ಇಲ್ಲದೆ ಓಡಿಸಿ, ಮ್ಯಾನಿಫೋಲ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ಆಯಿಲ್ ಪೈಪಿನ ಜಾಯಿಂಟುಗಳನ್ನು ಒರೆಸಿ ನೋಡಿ. ಆಮೇಲೆ ಅರ್ಧ ಲೋಡ್ ಹಾಕಿಕೊಂಡು ಚಾರ್ಮಾಡಿ ಹತ್ತಿ. ಪಕ್ಕದಲ್ಲಿ ಕೂತವರು ಪೈರೋಮೀಟರ್ ಓದುತ್ತಿರಲಿ. 650 ಮುಟ್ಟಿದರೆ ಕಾಲು ಸಡಿಲಿಸಿ ಎರಡಕ್ಕೆ ಇಳಿಸಿ: ಆರ್‌ಪಿಎಂ ಏರಿ ಗಾಳಿ ಹೆಚ್ಚುತ್ತದೆ, ಬಿಸಿ ತಾನಾಗಿ ಇಳಿಯುತ್ತದೆ. ಪ್ರತಿ ತಿರುವಿನಲ್ಲೂ ಹೀಗೆ ಇಳಿಸಬೇಕಾಗಿ ಬಂದರೆ ಕೆಳಗೆ ಬಂದ ಕೂಡಲೇ ಪಂಪ್ ಅಂಗಡಿಗೆ ಹೋಗಿ ಡೀಸೆಲ್ ಕಡಿಮೆ ಮಾಡಿಸಿ.